ಸಂಗ್ರಾಣಿ ಕಲ್ಲಿಗೆ ಲೆಕ್ಕ ಇದೆ, ಅಜ್ಜನ ಕಾಲಿಗೆ ಯಾಕಿಲ್ಲ?

"ವಯಸ್ಸಾತು, ಹಿಂಗ ಆಗೂದ ಬಿಡ್ರಿ."

ಬಾಡಗಂಡಿ, ಬೀಳಗಿ, ಗಲಗಲಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ. ಈ ಸೀಮೆಯ ಯಾವ ಊರಿಗೆ ಸುದ್ದಿಗೆ ಹೋದರೂ ನಮ್ಮ ಕಿವಿಗೆ ಬೀಳುವ ಮಾತು ಇದು. ಅಜ್ಜ ಕಟ್ಟಿ ಮೇಲಿಂದ ಏಳಬೇಕಾದರೆ ಎರಡೂ ಕೈ ಊರಬೇಕು, ಮ್ಯಾಲೆ ಒಬ್ಬರು ಹಿಡಿಯಬೇಕು. ವಯಸ್ಸಾತು. ಅಜ್ಜಿಗೆ ಅರ್ಧ ಕೊಡ ನೀರು ಎತ್ತಲಿಕ್ಕೆ ಆಗುವುದಿಲ್ಲ. ವಯಸ್ಸಾತು. ಬಚ್ಚಲದಾಗ ಬಿದ್ದಳು, ಸೊಂಟ ಮುರೀತು. ವಯಸ್ಸಾತು.

2023ರ ಜೂನ್‌ನಿಂದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಫ್ರೀ ಮಾಡಿದೆ. ಒಳ್ಳೆಯದಾಯಿತು. ಆದರೆ ಬಸ್ಸಿನ ಮೆಟ್ಟಿಲು ಹತ್ತುವ ಶಕ್ತಿ ಯಾವ ಯೋಜನೆಯಲ್ಲೂ ಇಲ್ಲ. ಅದು ಯಾಕೆ ಹೋಯಿತು ಎಂದು ಕೇಳುವವರೂ ಇಲ್ಲ.

ನಾವು ಹೇಳುವುದು ಇಷ್ಟೇ: ವಯಸ್ಸು ಅನ್ನುವುದು ರೋಗಪತ್ತೆ ಅಲ್ಲ. ಮುಪ್ಪಿನಲ್ಲಿ ಕಸುವು ಹೋಗುವುದಕ್ಕೆ ಹೆಸರಿದೆ, ಅಳತೆ ಇದೆ, ಗಡಿ ಇದೆ. ಅಳೆಯಲಿಕ್ಕೆ ಬೇಕಾಗಿರುವುದು ಒಂದು ಕುರ್ಚಿ, ಒಂದು ಟೇಪು, ಒಂದು ಗಡಿಯಾರ. ಅಷ್ಟಿದ್ದೂ ಅಳೆಯದೆ ಕೂತಿರುವುದು ಬಡತನದಿಂದ ಅಲ್ಲ, ಅಸಡ್ಡೆಯಿಂದ.

ಜಾತ್ರೆಯಲ್ಲಿ ಅಳೆಯುತ್ತೇವೆ, ಮನೆಯಲ್ಲಿ ಅಳೆಯುವುದಿಲ್ಲ

ನಮ್ಮ ಭಾಗಕ್ಕೆ ಶಕ್ತಿ ಅಳೆಯುವುದು ಹೊಸ ವಿದ್ಯೆ ಅಲ್ಲ. ಜಾತ್ರೆ ಬಂತೆಂದರೆ ಸಂಗ್ರಾಣಿ ಕಲ್ಲು ಹೊರಗೆ ಬರುತ್ತದೆ, ಗುಂಡು ಕಲ್ಲು ಬರುತ್ತದೆ, ಚೀಲ ಎತ್ತುವ ಪಂದ್ಯ ನಡೆಯುತ್ತದೆ. ಯಾವ ಹುಡುಗ ಎಷ್ಟು ಕೆಜಿ ಎತ್ತಿದ ಎಂಬುದನ್ನು ಮೈಕಿನಲ್ಲಿ ಕೂಗುತ್ತಾರೆ. ಎತ್ತುಗಳಿಗೂ ಭಾರ ಎಳೆಯುವ ಸ್ಪರ್ಧೆ ಇದೆ. ಹುಡುಗನ ಕಸುವಿಗೆ ಲೆಕ್ಕ ಇದೆ, ಎತ್ತಿನ ಕಸುವಿಗೆ ಲೆಕ್ಕ ಇದೆ.

ಅದೇ ಹುಡುಗ ಅರವತ್ತೈದು ದಾಟಿ, ಒಂದು ಕಾಲಕ್ಕೆ ಎತ್ತಿದ ಕಲ್ಲಿನ ಪಕ್ಕದಲ್ಲೇ ಕೂತು ಏಳಲಾಗದೆ ಒದ್ದಾಡಿದರೆ ಲೆಕ್ಕ ಇಡುವವರಿಲ್ಲ.

ವೈದ್ಯರು ಇದಕ್ಕೆ ಸಾರ್ಕೋಪೀನಿಯ ಅನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಮಾಂಸದ ಕೊರತೆ ಎಂದು ಅರ್ಥ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬ ವೈದ್ಯ ವಿಜ್ಞಾನಿ ಈ ಹೆಸರು ಇಟ್ಟರು. ಹೆಸರಿಲ್ಲದ್ದಕ್ಕೆ ಯಾರೂ ಗಮನ ಕೊಡುವುದಿಲ್ಲ ಎಂಬುದೇ ಅವರ ವಾದವಾಗಿತ್ತು. 2016ರಲ್ಲಿ ಅಮೆರಿಕ ತನ್ನ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸಂಕೇತವನ್ನೇ ಕೊಟ್ಟಿತು. ನಮ್ಮ ಕಡೆ ಬೇಕಾದರೆ ಸ್ನಾಯು ಸವೆತ ಅನ್ನೋಣ. "ಮೈ ಕರಗೇತಿ, ಕೈಯಾಗ ಕಸು ಇಲ್ಲ" ಎಂದು ನಮ್ಮ ಅಜ್ಜಿಯರು ಹೇಳುವುದು ಇದನ್ನೇ.

ಮಧ್ಯವಯಸ್ಸು ದಾಟಿದ ಮೇಲೆ ಎಲ್ಲರ ಸ್ನಾಯುವೂ ನಿಧಾನವಾಗಿ ಕರಗುತ್ತದೆ, ನಿಜ. ಆದರೆ ಎಲ್ಲರದೂ ಒಂದೇ ವೇಗದಲ್ಲಿ ಅಲ್ಲ. ಎಂಬತ್ತರಲ್ಲಿ ಹೊಲಕ್ಕೆ ನಡೆದು ಹೋಗುವವರೂ ನಮ್ಮ ಊರಲ್ಲೇ ಇದ್ದಾರೆ, ಅರವತ್ತೆರಡಕ್ಕೆ ಗೋಡೆ ಹಿಡಿದವರೂ ಇದ್ದಾರೆ. ಈ ಇಬ್ಬರ ನಡುವಿನ ಅಂತರವನ್ನು "ವಯಸ್ಸು" ಎಂಬ ಒಂದೇ ಪದದಿಂದ ಮುಚ್ಚಿಹಾಕುವುದಕ್ಕೆ ನಮ್ಮ ತಕರಾರು.

ಐದು ಪ್ರಶ್ನೆ, ಒಂದು ಟೇಪು, ಒಂದು ಕುರ್ಚಿ

ಮೊದಲು ಐದು ಪ್ರಶ್ನೆ. ಇವನ್ನು ಜಗತ್ತಿನ ಎಲ್ಲ ಕಡೆ ವೈದ್ಯರು ಕೇಳುತ್ತಾರೆ. ನೀವೂ ಮನೆಯಲ್ಲಿ ಕೇಳಬಹುದು.

1. ನಾಲ್ಕೂವರೆ ಕೆಜಿ ಭಾರ, ಅಂದರೆ ಹೆಚ್ಚುಕಡಿಮೆ ಐದು ಕೆಜಿ ಜೋಳದ ಚೀಲ, ಎತ್ತಿ ಒಯ್ಯಲು ಎಷ್ಟು ತ್ರಾಸು?
2. ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆಯಲು ಎಷ್ಟು ತ್ರಾಸು?
3. ಕುರ್ಚಿ ಅಥವಾ ಹಾಸಿಗೆಯಿಂದ ಏಳಲು?
4. ಹತ್ತು ಮೆಟ್ಟಿಲು ಹತ್ತಲು?
5. ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದಿದ್ದಾರೆ?

ಮೊದಲ ನಾಲ್ಕಕ್ಕೆ, ತ್ರಾಸೇ ಇಲ್ಲ ಅಂದರೆ 0, ಸ್ವಲ್ಪ ಅಂದರೆ 1, ಬಹಳ ತ್ರಾಸು ಅಥವಾ ಆಗುವುದೇ ಇಲ್ಲ ಅಂದರೆ 2. ಕೊನೆಯದಕ್ಕೆ, ಬಿದ್ದಿಲ್ಲ ಅಂದರೆ 0, ಒಂದರಿಂದ ಮೂರು ಸಲ ಅಂದರೆ 1, ನಾಲ್ಕು ಅಥವಾ ಹೆಚ್ಚು ಅಂದರೆ 2. ಒಟ್ಟು 4 ಅಥವಾ ಅದಕ್ಕಿಂತ ಹೆಚ್ಚಾದರೆ ಮುಂದಿನ ಪರೀಕ್ಷೆ ಬೇಕೇ ಬೇಕು. ಕಡಿಮೆ ಬಂದರೂ ಸುಮ್ಮನಾಗಬೇಡಿ. ಈ ಪ್ರಶ್ನೆಗಳ ಜರಡಿ ದೊಡ್ಡದು, ಶುರುವಿನ ಹಂತದವರು ಸೋಸಿ ಹೋಗುತ್ತಾರೆ.

ಎರಡನೆಯದು ಟೇಪು. ದರ್ಜಿಯ ಟೇಪು ಸಾಕು. ಹಿರಿಯರನ್ನು ಕೂರಿಸಿ, ಮೀನಖಂಡದ ಅತಿ ದಪ್ಪ ಭಾಗಕ್ಕೆ ಸುತ್ತಿ. ಟೇಪು ಬಿಗಿಯಬೇಡಿ. ಗಂಡಸರಿಗೆ 34 ಸೆಂಟಿಮೀಟರ್‌ಗಿಂತ, ಹೆಂಗಸರಿಗೆ 33ಕ್ಕಿಂತ ಕಡಿಮೆ ಇದ್ದರೆ ಅನುಮಾನ ಪಡಬೇಕು. ಕಾಲು ಬಾತಿದ್ದರೆ ಈ ಅಳತೆ ನಂಬಬೇಡಿ.

ಮೂರನೆಯದು ಕುರ್ಚಿ. ನಮ್ಮ ಮನೆಗಳ ಫೈಬರ್ ಕುರ್ಚಿ ಜಾರುತ್ತದೆ, ಬಗ್ಗುತ್ತದೆ. ಶಾಲೆಯಲ್ಲಿರುವಂಥ ಗಟ್ಟಿ ಕಟ್ಟಿಗೆ ಕುರ್ಚಿ ತಂದು ಗೋಡೆಗೆ ಒತ್ತಿ ಇಡಿ. ಹಿರಿಯರು ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಪೂರ್ತಿ ಎದ್ದು ನಿಲ್ಲಬೇಕು, ಕೂರಬೇಕು. ಹೀಗೆ ಐದು ಸಲ. ಪಕ್ಕದಲ್ಲಿ ಒಬ್ಬರು ನಿಂತಿರಿ, ಮೊಬೈಲ್‌ನಲ್ಲಿ ಸಮಯ ನೋಡಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಕಸುವು ಇಳಿದಿದೆ ಎಂದು ಅರ್ಥ. ಕೈ ಊರದೆ ಏಳಲಿಕ್ಕೇ ಆಗದಿದ್ದರೆ ಸೆಕೆಂಡು ಎಣಿಸುವ ಅಗತ್ಯವೂ ಇಲ್ಲ.

ಆಸ್ಪತ್ರೆಯಲ್ಲಿ ಇದರ ಜತೆಗೆ ಕೈಹಿಡಿತ ಅಳೆಯುವ ಸಣ್ಣ ಯಂತ್ರ ಇರಬೇಕು. ಜೋರಾಗಿ ಹಿಚುಕಿದರೆ ಎಷ್ಟು ಕೆಜಿ ಎಂದು ತೋರಿಸುತ್ತದೆ. ಗಂಡಸರಿಗೆ 28, ಹೆಂಗಸರಿಗೆ 18 ಕೆಜಿಗಿಂತ ಕಡಿಮೆ ಬಂದರೆ ಅದೂ ಎಚ್ಚರಿಕೆಯ ಗಂಟೆ.

ಯಂತ್ರ ಇಲ್ಲ ಎಂಬ ನೆಪ

"ಇದಕ್ಕ ಡೆಕ್ಸಾ ಸ್ಕ್ಯಾನ್ ಬೇಕ್ರಿ, ಅದು ನಮ್ಮ ಕಡೆ ಎಲ್ಲೈತಿ?" ಎಂದು ಆರೋಗ್ಯ ಇಲಾಖೆಯವರು ಕೇಳಬಹುದು. ಸ್ನಾಯು ಎಷ್ಟು ಉಳಿದಿದೆ ಎಂದು ಖಚಿತವಾಗಿ ಹೇಳಲು ಡೆಕ್ಸಾ ಅಥವಾ ಅಂಥದ್ದೇ ಯಂತ್ರ ಬೇಕು, ಒಪ್ಪೋಣ.

ಆದರೆ ಮೇಲಿನ ಗಡಿಗಳನ್ನು ಹಾಕಿದ ಏಷ್ಯಾದ ತಜ್ಞರ ಗುಂಪು 2019ರಲ್ಲೇ ಈ ನೆಪಕ್ಕೆ ಉತ್ತರ ಕೊಟ್ಟಿದೆ. ಯಂತ್ರ ಇಲ್ಲದ ಹಳ್ಳಿ ಆಸ್ಪತ್ರೆಗಳಿಗಾಗಿಯೇ ಅದು "ಸಂಭವನೀಯ ಸಾರ್ಕೋಪೀನಿಯ" ಎಂಬ ಹಂತ ಮಾಡಿತು. ಕೈಹಿಡಿತ ಕಡಿಮೆ ಇರಲಿ, ಇಲ್ಲವೇ ಕುರ್ಚಿ ಪರೀಕ್ಷೆಯಲ್ಲಿ ನಿಧಾನ ಇರಲಿ, ಅಷ್ಟು ಸಾಕು. ಅಲ್ಲೇ ಊಟದ ಸಲಹೆ, ವ್ಯಾಯಾಮ ಶುರು ಮಾಡಿ. ಖಚಿತಪಡಿಸಿಕೊಳ್ಳಲು ದೊಡ್ಡ ಆಸ್ಪತ್ರೆಗೆ ಆಮೇಲೆ ಕಳಿಸಿ. ಅಂದರೆ ಸ್ಕ್ಯಾನ್ ಬರುವ ತನಕ ಕಾಯಿರಿ ಎಂದು ಶಾಸ್ತ್ರ ಹೇಳುತ್ತಿಲ್ಲ. ಕಾಯುತ್ತಿರುವವರು ನಾವು.

ಇನ್ನೊಂದು ಮಾತು ಬರುತ್ತದೆ: ಈ ಗಡಿಗಳು ಹೆಚ್ಚಾಗಿ ಪೂರ್ವ ಏಷ್ಯಾದ ಜನರನ್ನು ನೋಡಿ ಹಾಕಿದವು, ನಮಗೆ ಹೊಂದುತ್ತವೆಯೇ? ನ್ಯಾಯವಾದ ಪ್ರಶ್ನೆ. ಯುರೋಪಿನವರ ಗಡಿ ಬೇರೆ ಇದೆ. ಕುರ್ಚಿಗೆ 15 ಸೆಕೆಂಡು, ಕೈಹಿಡಿತಕ್ಕೆ ಗಂಡಸರಿಗೆ 27, ಹೆಂಗಸರಿಗೆ 16 ಕೆಜಿ. ಗಡಿ ಒಂದೆರಡು ಕೆಜಿ ಆಚೆ ಈಚೆ ಆಗಬಹುದು. ಆದರೆ ಒಂದು ಸಲವೂ ಕೈ ಊರದೆ ಏಳಲಾಗದ ಅಜ್ಜಿ ಯಾವ ದೇಶದ ಗಡಿಯಲ್ಲೂ ಪಾಸಾಗುವುದಿಲ್ಲ. ಅವಳನ್ನು ಗುರುತಿಸಲು ಪಂಡಿತರ ಒಮ್ಮತ ಬೇಕಿಲ್ಲ.

ಬಿಪಿಗೆ ಇರುವ ಮರ್ಯಾದೆ ಕೈಗೂ ಇರಲಿ

ನಮ್ಮಲ್ಲಿ ತಪಾಸಣೆ ಅಂದರೆ ಬಿಪಿ, ಶುಗರ್. ಅವು ಬೇಡ ಎಂದು ನಾವು ಹೇಳುತ್ತಿಲ್ಲ. ಆದರೆ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪ್ಯೂರ್ ಅಧ್ಯಯನವನ್ನು ನೋಡಿ. 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಕೈಹಿಡಿತ ಅಳೆದು, ವರ್ಷಗಟ್ಟಲೆ ಅವರ ಮೇಲೆ ಕಣ್ಣಿಟ್ಟರು. ಭಾರತವೂ ಅದರಲ್ಲಿತ್ತು, ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಇತ್ತು. ಕೈಹಿಡಿತ 5 ಕೆಜಿ ಕಡಿಮೆ ಇದ್ದಷ್ಟೂ ಸಾವಿನ ಅಪಾಯ 16% ಹೆಚ್ಚಿತ್ತು. ಯಾರು ಬೇಗ ಸಾಯಬಹುದು ಎಂಬುದನ್ನು ಬಿಪಿಯ ಮೇಲಿನ ಅಂಕಿಗಿಂತ ಕೈಹಿಡಿತವೇ ಚೆನ್ನಾಗಿ ಹೇಳಿತು.

ಹಾಗಾದರೆ ಬಿಪಿ ಮಷಿನ್ ಪ್ರತಿ ಉಪಕೇಂದ್ರದಲ್ಲಿ ಇದೆ, ಕೈಹಿಡಿತದ ಮಷಿನ್ ಯಾಕಿಲ್ಲ?

ಸರ್ಕಾರಕ್ಕೆ ಇದು ಗೊತ್ತಿಲ್ಲ ಎಂದುಕೊಳ್ಳಬೇಡಿ. ಕೇಂದ್ರ ಆರೋಗ್ಯ ಇಲಾಖೆಯ ಲಾಸಿ ಸಮೀಕ್ಷೆ 2017-18ರಲ್ಲಿ ದೇಶದ ಉದ್ದಗಲಕ್ಕೂ 45 ದಾಟಿದ ಸುಮಾರು 72 ಸಾವಿರ ಜನರ ಮನೆಗೆ ಹೋಯಿತು. ಹೋದವರ ಕೈಯಲ್ಲಿ ಇದೇ ಹಿಡಿತದ ಯಂತ್ರ ಇತ್ತು. ಅಳೆದರು, ಬರೆದುಕೊಂಡರು, 2021ರಲ್ಲಿ ವರದಿ ಬಂತು. ವರದಿಗಾಗಿ ಮನೆ ಬಾಗಿಲಿಗೆ ಯಂತ್ರ ಬರಬಹುದು, ಚಿಕಿತ್ಸೆಗಾಗಿ ಬರಬಾರದೇ?

ಆಶಾ ಕಾರ್ಯಕರ್ತೆ ಮನೆಗೆ ಬಂದು ತುಂಬುವ ಸಿಬ್ಯಾಕ್ ಫಾರ್ಮಿನಲ್ಲಿ 60 ದಾಟಿದವರಿಗೆ ಕೆಲವು ಪ್ರಶ್ನೆ ಇವೆ. ನಿಂತಾಗ, ನಡೆದಾಗ ಓಲಾಡುತ್ತೀರಾ, ದಿನದ ಕೆಲಸಕ್ಕೆ ಇನ್ನೊಬ್ಬರ ಸಹಾಯ ಬೇಕಾ, ಇಂಥವು. ಪ್ರಶ್ನೆ ಇವೆ, ಅಳತೆ ಇಲ್ಲ. ಊಟ ಮಾಡಲು, ಬಟ್ಟೆ ಹಾಕಿಕೊಳ್ಳಲು ಇನ್ನೊಬ್ಬರು ಬೇಕಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಅದಕ್ಕಿಂತ ಐದು ವರ್ಷ ಮೊದಲು ಕುರ್ಚಿ ಹೇಳುತ್ತಿತ್ತು.

ಈ ಕೆಲಸವನ್ನೂ ಆಶಾಗಳ ತಲೆಗೆ ಕಟ್ಟಿ ಎಂದು ನಾವು ಹೇಳುವುದಿಲ್ಲ. ಗೌರವಧನಕ್ಕಾಗಿ 2025ರ ಜನವರಿಯಲ್ಲಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿದ ಹೆಣ್ಣುಮಕ್ಕಳು ಅವರು. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ. ಬಿಪಿ ನೋಡುವ ಹೊತ್ತಿನಲ್ಲೇ ಐದು ಸಲ ಎದ್ದು ಕೂರಿಸಲು ಒಂದು ನಿಮಿಷ ಸಾಕು.

ಬಾಟ್ಲಿ ಏರಿಸಿದರೆ ಕಸುವು ಬರುವುದಿಲ್ಲ

ಅಳತೆ ಇಲ್ಲದ ಕಡೆ ಏನಾಗುತ್ತದೆ? ವ್ಯಾಪಾರ ಆಗುತ್ತದೆ. "ನಿಶ್ಶಕ್ತಿ ಆಗೇತಿ, ಒಂದ್ ಬಾಟ್ಲಿ ಹಚ್ರಿ" ಎಂದು ಹೋಗುತ್ತೇವೆ. ಸಲಾಯಿನ್ ಏರುತ್ತದೆ, ದುಡ್ಡು ಇಳಿಯುತ್ತದೆ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1200 ರೂಪಾಯಿ. ಅದರಲ್ಲಿ ಎಷ್ಟು ಬಾಟ್ಲಿಗೆ, ಟಾನಿಕ್ಕಿಗೆ, ಡಬ್ಬಿ ಪುಡಿಗೆ ಹೋಗುತ್ತದೆ ಎಂದು ನಿಮ್ಮ ಮನೆಯಲ್ಲೇ ಲೆಕ್ಕ ಹಾಕಿ. ಉಪ್ಪು-ಸಕ್ಕರೆ ನೀರಿನಿಂದ ಸ್ನಾಯು ಬೆಳೆಯುವುದಿಲ್ಲ. ಸ್ನಾಯು ಸವೆತಕ್ಕೆಂದೇ ಒಪ್ಪಿಗೆ ಪಡೆದ ಗುಳಿಗೆಯಾಗಲಿ ಇಂಜೆಕ್ಷನ್ ಆಗಲಿ ಇಲ್ಲ.

ಮದ್ದು ಎರಡೇ: ಕಾಲಿಗೆ ಕೆಲಸ, ಹೊಟ್ಟೆಗೆ ಬೇಳೆ-ಹಾಲು.

ಈ ವಯಸ್ಸಿನಲ್ಲಿ ಎಂಥಾ ವ್ಯಾಯಾಮ ಅನ್ನುವವರಿಗೆ ಒಂದು ಉದಾಹರಣೆ. 1990ರಲ್ಲಿ ಪ್ರಕಟವಾದ ಬೋಸ್ಟನ್ನಿನ ಪ್ರಯೋಗ ಇದು. ವೃದ್ಧಾಶ್ರಮದ 10 ಮಂದಿ, ವಯಸ್ಸು 90ರ ಆಸುಪಾಸು. ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಎಂಟು ವಾರ. ಪೂರ್ತಿ ಮುಗಿಸಿದ 9 ಮಂದಿಯ ಕಾಲಿನ ಶಕ್ತಿ ಸರಾಸರಿ 174% ಏರಿತು. ಅಂದರೆ ಎರಡೂವರೆ ಪಟ್ಟಿಗಿಂತ ಹೆಚ್ಚು. ತೊಂಬತ್ತಕ್ಕೆ ಬಂದ ಕಸುವು ಎಪ್ಪತ್ತಕ್ಕೆ ಬರುವುದಿಲ್ಲವೇ?

ಉಲ್ಟಾ ಉದಾಹರಣೆಯೂ ಇದೆ. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಮಲಗಿಸಿ ನೋಡಿದ ಅಮೆರಿಕದ ಅಧ್ಯಯನ 2007ರಲ್ಲಿ ಬಂತು. ಹತ್ತೇ ದಿನದಲ್ಲಿ ಕಾಲಿನ ಸ್ನಾಯು ಸುಮಾರು ಒಂದು ಕೆಜಿ ಕರಗಿತ್ತು. ನಮ್ಮಲ್ಲಿ ಚಿಕುನ್‌ಗುನ್ಯಾ ಬಂದು ಹೋದ ಮೇಲೆ ಅಜ್ಜ ಯಾಕೆ ಏಳಲೇ ಇಲ್ಲ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಜ್ವರ ಹೋಯಿತು, ಮಲಗಿದ್ದು ಕಾಲನ್ನು ತಿಂದಿತು.

ಇಲ್ಲಿ ನಮ್ಮ ಪ್ರೀತಿಯದೂ ಪಾಲಿದೆ. "ನೀ ಕುಂದರ ಯಜ್ಜಾ, ನಾ ತರ್ತೀನಿ." ಕೇಳಲು ಚೆಂದ. ತಂಬಿಗೆ ನೀರನ್ನೂ ಕೂತಲ್ಲಿಗೇ ತಂದುಕೊಡುವುದು ಗೌರವ ಎಂದುಕೊಂಡಿದ್ದೇವೆ. ದಿನಕ್ಕೆ ಇಪ್ಪತ್ತು ಸಲ ಏಳುತ್ತಿದ್ದವನನ್ನು ನಾಲ್ಕು ಸಲಕ್ಕೆ ಇಳಿಸಿದರೆ ಅದು ಗೌರವ ಅಲ್ಲ, ಕಾಲು ಕಟ್ಟಿ ಹಾಕಿದಂತೆ.

"ನಮ್ಮಜ್ಜ ಜೀವಮಾನವೆಲ್ಲ ಕಬ್ಬು ಕಡಿದವ, ಅವನಿಗ್ಯಾಕ?" ಎಂದು ಕೇಳುತ್ತಾರೆ. ರಬಕವಿ-ಬನಹಟ್ಟಿಯಲ್ಲಿ ಕೈಮಗ್ಗ ತುಳಿದವರ ಮನೆಯಲ್ಲೂ ಇದೇ ಮಾತು. ದುಡಿತ ಬ್ಯಾಂಕಿನಲ್ಲಿಟ್ಟ ಠೇವಣಿ ಅಲ್ಲ, ಕೂತು ತಿನ್ನಲಿಕ್ಕೆ. ಕೆಲಸ ಬಿಟ್ಟ ದಿನದಿಂದ ಸ್ನಾಯು ಕರಗಲು ಶುರು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ, 65 ದಾಟಿದವರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುವಿಗೆ ಕೆಲಸ ಕೊಡಬೇಕು, ಮೂರು ದಿನ ತೂಕ ಕಾಯ್ದುಕೊಳ್ಳುವ, ಓಲಾಡದೆ ನಿಲ್ಲುವ ಅಭ್ಯಾಸ ಮಾಡಬೇಕು ಅನ್ನುತ್ತದೆ. ಜಿಮ್ ಬೇಡ. ಕುರ್ಚಿಯಿಂದ ಎಂಟು-ಹತ್ತು ಸಲ ಎದ್ದು ಕೂರುವುದು, ಸುಧಾರಿಸಿಕೊಂಡು ಮತ್ತೊಮ್ಮೆ. ಗೋಡೆ ಹಿಡಿದು ತುದಿಗಾಲಲ್ಲಿ ನಿಲ್ಲುವುದು. ಲೀಟರ್ ನೀರಿನ ಬಾಟಲಿ ಕೈಯಲ್ಲಿ ಹಿಡಿದು ಎತ್ತಿ ಇಳಿಸುವುದು. ಸುಲಭ ಅನ್ನಿಸಿದಾಗ ಸ್ವಲ್ಪ ಹೆಚ್ಚಿಸುವುದು. ಎದೆನೋವು, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು.

ತಾಟಿನಲ್ಲಿ ಏನಿದೆ?

ಹಿರಿಯರಿಗೆ ದಿನಕ್ಕೆ ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎಂಬುದು ತಜ್ಞರ ಸಲಹೆ. 50 ಕೆಜಿಯ ಅಜ್ಜಿಗೆ 50ರಿಂದ 60 ಗ್ರಾಂ. ಅವಳ ತಾಟು ನೋಡಿ: ಎರಡು ಜೋಳದ ರೊಟ್ಟಿ, ನೀರಾದ ಸಾರು, ಸ್ವಲ್ಪ ಅನ್ನ. ಎರಡು ರೊಟ್ಟಿಯಿಂದ ಸಿಗುವುದು ಹೆಚ್ಚುಕಡಿಮೆ 13 ಗ್ರಾಂ. ಉಳಿದದ್ದು ಎಲ್ಲಿಂದ ಬರಬೇಕು?

ನಮ್ಮ ಅಡುಗೆಮನೆಯಲ್ಲೇ ಇದೆ. ಒಂದು ಹಿಡಿ, ಅಂದರೆ 50 ಗ್ರಾಂ ಹೆಸರು ಅಥವಾ ಮಡಿಕೆ ಕಾಳಿನಿಂದ 11-12 ಗ್ರಾಂ. 30 ಗ್ರಾಂ ಶೇಂಗಾ ಹಿಂಡಿಯಿಂದ 7 ಗ್ರಾಂ. ಅರ್ಧ ಲೀಟರ್ ಹಾಲು-ಮೊಸರಿನಿಂದ 16 ಗ್ರಾಂ. ತಿನ್ನುವವರಿಗೆ ಒಂದು ತತ್ತಿಯಿಂದ 6 ಗ್ರಾಂ. ಲೆಕ್ಕ ಐವತ್ತು ದಾಟಿತು. ಹಲ್ಲಿಲ್ಲದವರಿಗೆ ಕಾಳು ಕುದಿಸಿ ಅರೆದು ಕೊಡಿ, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು.

ಆದರೆ ಎಮ್ಮೆ ಹಿಂಡಿದ ಹಾಲು ಡೇರಿಗೆ ಹೋಗುತ್ತದೆ, ಅಜ್ಜಿಗೆ ಚಹಾದ ಬಣ್ಣಕ್ಕಷ್ಟು ಉಳಿಯುತ್ತದೆ. ಎಲ್ಲರದೂ ಊಟ ಆದ ಮೇಲೆ ತಾನು ಉಣ್ಣುವ ರೂಢಿ ಅವಳಿಗೆ ಎಪ್ಪತ್ತಾದರೂ ಬಿಟ್ಟಿಲ್ಲ. ಈ ಲೆಕ್ಕಕ್ಕೆ ಸರ್ಕಾರ ಹೊಣೆ ಅಲ್ಲ, ನಾವೇ.

ಎಚ್ಚರಿಕೆಯ ಎರಡು ಮಾತು

ಕುರ್ಚಿಯಲ್ಲಿ ಫೇಲಾದವರಿಗೆಲ್ಲ ಸ್ನಾಯು ಸವೆತವೇ ಎಂದಲ್ಲ. ಮಂಡಿನೋವಿನವರೂ ನಿಧಾನ ಏಳುತ್ತಾರೆ. ತೂಕ ಬೇಗ ಇಳಿಯುತ್ತಿದ್ದರೆ ಟಿಬಿ, ಶುಗರ್, ಥೈರಾಯ್ಡ್, ಕ್ಯಾನ್ಸರ್ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಒಂದೇ ಕಡೆಯ ಕೈಕಾಲು ಒಮ್ಮೆಲೇ ಸೋತರೆ ಅದು ಪಾರ್ಶ್ವವಾಯು. ಅಲ್ಲಿ ಟೇಪು-ಕುರ್ಚಿ ಬಿಟ್ಟು ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಬೇಕು. ಮತ್ತೊಂದು, ದಪ್ಪ ಇದ್ದವರಿಗೆ ಸ್ನಾಯು ಇದೆ ಎಂದುಕೊಳ್ಳಬೇಡಿ. ಕೊಬ್ಬಿನ ಕೆಳಗೆ ಸ್ನಾಯು ಕರಗಿರುವುದು ಶುಗರ್ ಇದ್ದವರಲ್ಲಿ ಸಾಮಾನ್ಯ.

ಇದನ್ನೆಲ್ಲ ಬೇರ್ಪಡಿಸಿ ಹೇಳಲಿಕ್ಕೇ ಡಾಕ್ಟರು ಬೇಕು. ಡಾಕ್ಟರು ಬೇರ್ಪಡಿಸಬೇಕಾದರೆ ಯಾರಾದರೂ ಮೊದಲು ಅಳೆಯಬೇಕು.

ನಾವು ಕೇಳುವುದು

ಒಂದು, ಪ್ರತಿ ಉಪಕೇಂದ್ರದಲ್ಲಿ 60 ದಾಟಿದವರಿಗೆ ವರ್ಷಕ್ಕೆ ಎರಡು ಸಲ ಕುರ್ಚಿ ಪರೀಕ್ಷೆ, ಮೀನಖಂಡದ ಅಳತೆ. ಬಿಪಿ ಬರೆಯುವ ಚೀಟಿಯಲ್ಲೇ ಸೆಕೆಂಡು, ಸೆಂಟಿಮೀಟರ್ ಬರೆಯಲಿ.

ಎರಡು, ಹಿರಿಯರ ಆರೋಗ್ಯಕ್ಕೆಂದು 2010-11ರಲ್ಲೇ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್ ನಡೆಯಬೇಕು. ಅದು ಯಾವ ವಾರ, ಎಷ್ಟು ಗಂಟೆಗೆ ಎಂಬ ಬೋರ್ಡು ಹೊರಗೆ ಕಾಣಲಿ. ತಾಲೂಕು ಆಸ್ಪತ್ರೆಗಳಲ್ಲಿ ಕೈಹಿಡಿತದ ಯಂತ್ರ ಇರಲಿ, ವ್ಯಾಯಾಮ ಕಲಿಸುವ ಫಿಜಿಯೋಥೆರಪಿಸ್ಟ್ ಇರಲಿ.

ಮೂರು, ಬಾಡಗಂಡಿಯಲ್ಲಿ ಈಗ ಮೆಡಿಕಲ್ ಕಾಲೇಜೇ ಇದೆ. ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ಆರೋಗ್ಯ ನೋಡಬೇಕೆಂಬುದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ. ಹಾಗೆ ಮನೆಗೆ ಬರುವ ವಿದ್ಯಾರ್ಥಿಗಳ ಕೈಯಲ್ಲಿ ಟೇಪು ಇರಲಿ. ಸುತ್ತಲಿನ ಊರುಗಳ ಹಿರಿಯರ ಕಸುವಿನ ಲೆಕ್ಕ ಮೊದಲ ಬಾರಿಗೆ ನಮ್ಮ ನೆಲದಿಂದಲೇ ಹೊರಡಲಿ.

ನಾಲ್ಕು, ಮುಖಂಡರ ಹುಟ್ಟುಹಬ್ಬಕ್ಕೆ ಆರೋಗ್ಯ ಶಿಬಿರ ಹಾಕುವವರು ಫ್ಲೆಕ್ಸ್ ಜತೆ ಒಂದು ಗಟ್ಟಿ ಕುರ್ಚಿಯನ್ನೂ ತರಲಿ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ಅಲ್ಲಿಯ ತನಕ ಯಾರ ಅಪ್ಪಣೆಗೂ ಕಾಯಬೇಡಿ. ಟೇಪು ದರ್ಜಿಯ ಹತ್ತಿರ ಇದೆ, ಕುರ್ಚಿ ಶಾಲೆಯಲ್ಲಿ ಇದೆ, ಗಡಿಯಾರ ನೀವು ಇದನ್ನು ಓದುತ್ತಿರುವ ಫೋನಿನಲ್ಲೇ ಇದೆ. ಇವತ್ತು ಸಂಜೆ ನಿಮ್ಮ ಮನೆಯ ಹಿರಿಯರದು ಅಳೆದು, ತಾರೀಖು ಹಾಕಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂರು ತಿಂಗಳಿಗೆ ಮತ್ತೆ ಅಳೆಯಿರಿ. ಅಂಕಿ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋದವರಿಗೆ "ವಯಸ್ಸಾತು" ಎಂದು ಹೇಳಿ ಕಳಿಸುವುದು ಅಷ್ಟು ಸುಲಭ ಅಲ್ಲ.